ಟಿಕೆಟ್ ಅಗ್ಗ, ಪ್ರವಾಸ ತುಟ್ಟಿ ಆಗದಿರಲಿ

ದಸರಾ ರಜೆ ಹತ್ತಿರ ಬಂತಲ್ವಾ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿದೇಶ ಪ್ರವಾಸದ ಬಗ್ಗೆಯೇ ಇವೆ. ಒಂದೇ ತರದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ಮನೆಯವರು ನಾಲ್ಕು ಜನ ಅಕ್ಟೋಬರ್‌ನಲ್ಲಿ ವಿಯೆಟ್ನಾಂಗೆ ಹೋಗಬೇಕೆಂದಿದ್ದೇವೆ. ಮೊಬೈಲ್‌ನಲ್ಲಿ ನೋಡಿದರೆ ಬೆಂಗಳೂರಿನಿಂದ ಟಿಕೆಟ್ ಮುಂಬೈಗಿಂತ ತಲೆಗೆ 1,800 ರೂಪಾಯಿ ಕಡಿಮೆ ಇದೆ. ದನಾಂಗ್ ಊರಿನಲ್ಲಿ ಹೋಟೆಲ್ ಅರ್ಧ ಬೆಲೆಗೆ ಸಿಗುತ್ತಿದೆ. ಈಗಲೇ ಬುಕ್ ಮಾಡಿಬಿಡಲಾ? – ಶಿಕ್ಷಕಿ, ವಿಜಯಪುರ

ಉತ್ತರ: ಎರಡು ದಿನ ತಡೆಯಿರಿ ಮೇಡಂ. ಮೊದಲು ಹೋಟೆಲ್ ವಿಷಯ. ದನಾಂಗ್, ಹೊಯ್ ಆನ್ ಇರುವ ನಡು ವಿಯೆಟ್ನಾಂನಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ಜೋರು ಮಳೆಗಾಲ. ಹೊಯ್ ಆನ್‌ನ ಹಳೇ ಪೇಟೆಯ ಬೀದಿಗಳಿಗೆ ನೀರು ನುಗ್ಗುವುದು ಇದೇ ತಿಂಗಳುಗಳಲ್ಲಿ. ಹೋಟೆಲ್ ಅಗ್ಗ ಆಗಿರುವುದಕ್ಕೆ ಅದೂ ಒಂದು ಕಾರಣ. ಅದೇ ಹೊತ್ತಿನಲ್ಲಿ ಉತ್ತರದ ಹನೋಯ್ ಕಡೆ ಹವೆ ಚೆನ್ನಾಗಿರುತ್ತದೆ, ಬಿಸಿಲೂ ಕಡಿಮೆ. ರಜೆ ಅಕ್ಟೋಬರ್‌ನಲ್ಲೇ ಅಂದರೆ ಊರು ಬದಲಿಸಿ. ಎಲ್ಲಿಗೇ ಹೋಗುವುದಿದ್ದರೂ ಬೆಲೆ ನೋಡುವ ಮೊದಲು ಆ ಊರಿನ ತಿಂಗಳವಾರು ಮಳೆ ನೋಡಿ, ಗೂಗಲ್‌ನಲ್ಲಿ ಒಂದು ನಿಮಿಷದ ಕೆಲಸ.

ಇನ್ನು ಆ 1,800 ರೂಪಾಯಿ. ನಿಮ್ಮ ಪ್ರವಾಸ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಶುರುವಾಗುವುದಿಲ್ಲ, ವಿಜಯಪುರದ ನಿಮ್ಮ ಮನೆ ಬಾಗಿಲಿನಿಂದ ಶುರುವಾಗುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ಬೆಂಗಳೂರು, ಮುಂಬೈ, ಹೈದರಾಬಾದ್ ಎಂದು ಮೂರು ಸಾಲು ಎಳೆಯಿರಿ. ಹೈದರಾಬಾದನ್ನು ನಮ್ಮ ಕಡೆಯವರು ಸುಮ್ನೆ ಮರೆತುಬಿಡುತ್ತಾರೆ, ವಿಜಯಪುರಕ್ಕೆ ಅದು ಬೆಂಗಳೂರಿಗಿಂತ ಹತ್ತಿರ. ಪ್ರತಿ ಸಾಲಿನಲ್ಲೂ ಹೋಗುವ ಬಸ್ಸು ಅಥವಾ ರೈಲು, ನಿಲ್ದಾಣದ ತನಕ ಟ್ಯಾಕ್ಸಿ, ವಿಮಾನ ಬೆಳಗಿನ ಜಾವ ಇದ್ದರೆ ಒಂದು ರಾತ್ರಿಯ ರೂಮು, ದಾರಿಯ ಊಟ, ವಾಪಸ್ ಬರುವಾಗ ಮತ್ತೆ ಇವೇ, ಎಲ್ಲವನ್ನೂ ನಾಲ್ಕು ಜನಕ್ಕೆ ಬರೆದು ಕೂಡಿಸಿ ನೋಡಿ, ಟಿಕೆಟ್‌ನಲ್ಲಿ ಉಳಿದ 7,200 ರೂಪಾಯಿ ಎಷ್ಟೋ ಸಲ ಅಲ್ಲೇ ಕರಗಿ ಹೋಗಿರುತ್ತದೆ.

ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡುವ ಜಾಗದಲ್ಲಿ ಮೂರೂ ಊರು ಒಟ್ಟಿಗೆ ಹಾಕಬಹುದು. ತಾರೀಖಿನ ಪಟ್ಟಿ ತೆರೆದರೆ ಯಾವ ದಿನ ಎಷ್ಟು ಅಂತ ಒಂದೇ ಕಡೆ ಕಾಣುತ್ತದೆ. ಎರಡು ದಿನ ಆಚೀಚೆ ಆದರೂ ಸಾಕು, ಬೆಲೆ ತುಂಬಾ ಬದಲಾಗುತ್ತದೆ. ಬೆಲೆ ಗಮನಿಸುವ ಬಟನ್ ಒತ್ತಿಟ್ಟರೆ ಇಳಿದಾಗ, ಏರಿದಾಗ ಇಮೇಲ್ ಬರುತ್ತದೆ. ಸ್ಕೈಸ್ಕ್ಯಾನರ್‌ನಲ್ಲೂ ಇದೇ ಅನುಕೂಲ ಇದೆ. ಹುಡುಕುವುದು ಇವುಗಳಲ್ಲಿ, ಆದರೆ ಹಣ ಕಟ್ಟುವುದು ಆದಷ್ಟೂ ವಿಮಾನ ಕಂಪನಿಯ ಸ್ವಂತ ಸೈಟಿನಲ್ಲಿ. ಇನ್ನೂರು, ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ವಿಮಾನ ರದ್ದಾದರೆ ನೀವು ಒಬ್ಬರ ಹತ್ತಿರ ಮಾತಾಡಿದರೆ ಸಾಕು, ಟಿಕೆಟ್ ಮಾರುವ ನಡುವಿನವರು ಕಂಪನಿಯ ಕಡೆ, ಕಂಪನಿಯವರು ನಡುವಿನವರ ಕಡೆ ಕೈ ತೋರಿಸುವುದು ಇರುವುದಿಲ್ಲ.

ಅಗ್ಗದ ಟಿಕೆಟ್‌ನಲ್ಲಿ ಬ್ಯಾಗ್ ಸೇರಿದೆಯಾ ಎಂದು ನೋಡಿಕೊಳ್ಳಿ. ಹಲವು ಅಗ್ಗದ ವಿಮಾನಗಳಲ್ಲಿ 7 ಕೆಜಿ ಕೈಬ್ಯಾಗ್ ಮಾತ್ರ ಉಚಿತ. ಚೆಕ್-ಇನ್ ಬ್ಯಾಗ್ ಬೇಕಿದ್ದರೆ ಬುಕ್ ಮಾಡುವಾಗಲೇ ಸೇರಿಸಿ, ಕೌಂಟರ್‌ನಲ್ಲಿ ಕೊಂಡರೆ ತುಂಬಾ ತುಟ್ಟಿ. ಮನೆಯ ತೂಕದ ಯಂತ್ರದ ಮೇಲೆ ಮೊದಲು ಬರೀ ನೀವು ನಿಂತು, ಆಮೇಲೆ ಬ್ಯಾಗ್ ಹಿಡಿದು ನಿಂತು, ವ್ಯತ್ಯಾಸ ನೋಡಿ. ನಾನು ಪ್ರತಿ ಸಲ ಹೀಗೇ ತೂಗುತ್ತೇನೆ.

ಇನ್ನೊಂದು ಮಾತು, ಇದು ಬೆಳಗಾವಿಯವರಿಗೂ ಅನ್ವಯಿಸುತ್ತದೆ. ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ವಿದೇಶಕ್ಕೆ ಬೇರೆ ಟಿಕೆಟ್ ಮಾಡಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿ ಹೊಣೆ ಹೊರುವುದಿಲ್ಲ. ನಾನು ಒಮ್ಮೆ ನಡುವೆ ಎರಡೂವರೆ ಗಂಟೆ ಮಾತ್ರ ಇಟ್ಟುಕೊಂಡಿದ್ದೆ. ಮೊದಲ ವಿಮಾನ ತಡವಾಯಿತು. ಬ್ಯಾಗ್ ಬರುವುದಕ್ಕೆ ಕಾದು, ಬೇರೆ ಟರ್ಮಿನಲ್‌ಗೆ ಓಡಿ, ಕೌಂಟರ್ ಮುಟ್ಟುವಷ್ಟರಲ್ಲಿ ಚೆಕ್-ಇನ್ ಮುಚ್ಚಿತ್ತು. ಇಡೀ ಟಿಕೆಟ್ ಹೋಯಿತು. ಆಮೇಲಿಂದ ಒಂದೋ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡುತ್ತೇನೆ, ಇಲ್ಲವೇ ಹಿಂದಿನ ದಿನವೇ ಹೋಗಿರುತ್ತೇನೆ. ರಾಣಿ ಚೆನ್ನಮ್ಮ ರೈಲಿಗೆ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಸಂಜೆಯ ವಿಮಾನ ಹಿಡಿದರೆ ಧಾವಂತವೇ ಇಲ್ಲ.

ಪ್ರಶ್ನೆ: ವಿಯೆಟ್ನಾಂ ಇ-ವೀಸಾ ಎಂದು ಹುಡುಕಿದಾಗ ಮೇಲೆ ಬಂದ ಸೈಟಿನಲ್ಲಿ ಅರ್ಜಿ ಹಾಕಿದೆ. ಒಬ್ಬರಿಗೆ 6,000 ರೂಪಾಯಿ ಮೇಲೆ ಹೋಯಿತು. ವೀಸಾ ಬಂತು. ಆದರೆ ಗೆಳೆಯ ಇದರ ಅರ್ಧವೂ ಕೊಟ್ಟಿಲ್ಲ ಅಂತಾನೆ. ನಾನು ಮೋಸ ಹೋದೆನಾ? – ಗೋಕಾಕ

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ನಿಜ. ಒಂದು ಸಲದ ಪ್ರವೇಶಕ್ಕೆ ಸರ್ಕಾರದ ಶುಲ್ಕ 25 ಡಾಲರ್, ಹಲವು ಸಲ ಹೋಗಿ ಬರುವುದಕ್ಕೆ 50 ಡಾಲರ್. ಉಳಿದದ್ದು ಆ ಸೈಟಿನವರ ಸೇವಾ ಶುಲ್ಕ. ವೀಸಾ ಬಂದಿರುವುದರಿಂದ ಹಣ ವಾಪಸ್ ಸಿಗುವುದು ಕಷ್ಟ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಎರಡು ಮೂರು ಹೆಸರುಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತು ಆಗಿರುತ್ತವೆ, ಪಕ್ಕದಲ್ಲಿ ಸಣ್ಣದಾಗಿ ಸ್ಪಾನ್ಸರ್ಡ್ ಎಂದು ಬರೆದಿರುತ್ತದೆ. ಬಾವುಟ, ಲಾಂಛನ ಎಲ್ಲಾ ಇರುತ್ತದೆ, ನೋಡಿದರೆ ಸರ್ಕಾರದ್ದೇ ಅನಿಸುತ್ತದೆ. ಅದಕ್ಕೇ ವಿಳಾಸವನ್ನೇ ಓದಬೇಕು. ವಿಯೆಟ್ನಾಂ ಸರ್ಕಾರದ ಸೈಟು ಇವೀಸಾ ಡಾಟ್ ಗವ್ ಡಾಟ್ ವಿಎನ್. ಆ ಗವ್ ಎಂಬ ಭಾಗ ಕಣ್ಣಿಗೆ ಬೀಳದೆ ಕಾರ್ಡ್ ನಂಬರ್ ಹಾಕಬೇಡಿ. ನಮ್ಮ ಪಾಸ್‌ಪೋರ್ಟ್‌ಗೂ ಇದೇ ಮಾತು: ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್.

ಥಾಯ್ಲೆಂಡ್‌ಗೆ ಹೋಗುವವರೂ ಕೇಳಿ. 2025ರ ಮೇ 1ರಿಂದ ಅಲ್ಲಿಗೆ ಹೋಗುವ ಮೊದಲು ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ಪ್ರಯಾಣದ ವಿವರದ ಫಾರ್ಮು, ತುಂಬಬೇಕು. ಮಲೇಷ್ಯಾಕ್ಕೂ ಇದೆ, ಸಿಂಗಾಪುರಕ್ಕೂ ಇದೆ. ತಲುಪುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬುವುದು, ಮೂರೂ ಪೂರ್ತಿ ಉಚಿತ. ಇದಕ್ಕೆ ಹಣ ಕೇಳಿದರೆ ಆ ಪುಟ ಮುಚ್ಚಿಬಿಡಿ.

ವೀಸಾ ಅರ್ಜಿಯಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ತುಂಬಿದ ಮೇಲೆ ಇನ್ನೊಬ್ಬರ ಕೈಗೆ ಪಾಸ್‌ಪೋರ್ಟ್ ಕೊಟ್ಟು ಗಟ್ಟಿಯಾಗಿ ಓದಿಸಿ. ಸೊನ್ನೆ ಇದ್ದಲ್ಲಿ ಓ ಅಕ್ಷರ ಬಿದ್ದರೆ ಮತ್ತೆ ಮೊದಲಿನಿಂದ, ಕಟ್ಟಿದ ಶುಲ್ಕ ವಾಪಸ್ ಇಲ್ಲ.

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ನನ್ನ ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು ಮಾತ್ರ ಇದೆ, ಅಡ್ಡಹೆಸರು ಇಲ್ಲ. ತೊಂದರೆ ಆಗುತ್ತದೆಯೇ? ಅವನಿಗೆ ತಿಂಡಿ ಒಯ್ಯಬಹುದೇ? – ಗೃಹಿಣಿ, ಬೆಳಗಾವಿ

ಉತ್ತರ: ಟಿಕೆಟ್ ಮಾಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು ಅಮ್ಮ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸ್ಪಷ್ಟನೆಯೂ ಬಂತು. ಹಾಗಾಗಿ ನಿಮ್ಮ ಕೊನೆಯ ಪುಟ ನೋಡಿ. ಅದರ ಫೋಟೋವನ್ನು ಮಗನಿಗೆ ಕಳಿಸಿ, ವೀಸಾ ಮಾಡಿಸುವವರಿಂದಲೂ ವಿಮಾನ ಕಂಪನಿಯಿಂದಲೂ ಬರಹದಲ್ಲಿ ಉತ್ತರ ತರಿಸಿಕೊಳ್ಳಲಿ. ಹೆಸರು ಸರಿ ಮಾಡಿಸುವುದೇ ಒಳ್ಳೆಯದು ಎನಿಸಿದರೆ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸಬೇಕು. 36 ಪುಟದ್ದಕ್ಕೆ 1,500 ರೂಪಾಯಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ನಮ್ಮ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲೇ ದಿನ ತೆಗೆದುಕೊಳ್ಳಬಹುದು. ಹುಬ್ಬಳ್ಳಿಗೆ ಅಲೆಯಬೇಕಿಲ್ಲ.

ತಿಂಡಿ ಧಾರಾಳವಾಗಿ ಒಯ್ಯಿರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಹಾಳಾಗುವುದಿಲ್ಲ. ಆದರೆ ಗಸಗಸೆ ಒಂದು ಚೂರೂ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧ, ಅಲ್ಲಿ ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಸೇರಿಸುತ್ತಾರೆ. ನಮ್ಮ ಅನಾರಸದ ಮೈತುಂಬಾ ಇರುವುದು ಅದೇ ಅಲ್ವಾ, ಕರದಂಟಿನಲ್ಲೂ ಹಲವರು ಹಾಕುತ್ತಾರೆ. ಮಗನಿಗೆ ಎಷ್ಟೇ ಇಷ್ಟ ಇದ್ದರೂ ಅವೆರಡು ಮನೆಯಲ್ಲೇ ಇರಲಿ. ಚಟ್ನಿ, ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ಕೈಬ್ಯಾಗಿಗೆ. ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದರೆ ಅದರಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಇದೆಯಾ ಎಂದು ಡಾಕ್ಟರನ್ನು ಕೇಳಿ. ಅವೆರಡನ್ನೂ ಅಲ್ಲಿಗೆ ಅನುಮತಿ ಇಲ್ಲದೆ ಒಯ್ಯುವಂತಿಲ್ಲ.

ಪ್ರಶ್ನೆ: ಬ್ಯಾಂಕಾಕ್‌ಗೆ ಹೋಗುತ್ತಿದ್ದೇನೆ. ನಗದು ಒಯ್ಯಲಾ, ಕಾರ್ಡಾ, ಫೋನ್‌ಪೇ ನಡೆಯುತ್ತಾ? – ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಸ್ವಲ್ಪ ನಗದು, ಉಳಿದದ್ದಕ್ಕೆ ಕಾರ್ಡ್. ಯುಪಿಐ ಸಿಂಗಾಪುರ, ಯುಎಇ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್‌ನಂಥ ಕಡೆ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಅದಕ್ಕೂ ಆ್ಯಪ್‌ನಲ್ಲಿ ವಿದೇಶಿ ಪಾವತಿಯನ್ನು ಮೊದಲೇ ಚಾಲೂ ಮಾಡಬೇಕು. ಬ್ಯಾಂಕಾಕ್‌ನಲ್ಲಿ ಅದನ್ನೇ ನಂಬಿ ಇಳಿಯಬೇಡಿ.

ಕಾರ್ಡ್ ಬಗ್ಗೆ ಬ್ಯಾಂಕಿಗೆ ಒಂದೇ ಪ್ರಶ್ನೆ ಕೇಳಿ: ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಹಣದಲ್ಲಿ ಖರ್ಚು ಮಾಡಿದಾಗ ಬ್ಯಾಂಕು ಹಿಡಿಯುವ ಹೆಚ್ಚುವರಿ ಶುಲ್ಕ, ಎಷ್ಟು? ಬಹಳಷ್ಟು ಕಾರ್ಡ್‌ಗಳಲ್ಲಿ ಅದು ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಲಕ್ಷ ಖರ್ಚಿಗೆ 4,130 ರೂಪಾಯಿ ಸುಮ್ನೆ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ, ಒಂದು ತಿಂಗಳು ಮೊದಲೇ ಮಾಡಿಸಿಟ್ಟುಕೊಳ್ಳಿ.

ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಯಂತ್ರ ರೂಪಾಯಿಯಲ್ಲಾ, ಥಾಯ್ಲೆಂಡ್‌ನ ಹಣವಾದ ಬಹ್ತ್‌ನಲ್ಲಾ ಎಂದು ಕೇಳುತ್ತದೆ. ನಾನು ಮೊದಲ ಸಲ ಹೋದಾಗ ರೂಪಾಯಿ ಚಿಹ್ನೆ ಕಂಡು ನಮ್ಮದೇ ಅಂತ ಖುಷಿಯಿಂದ ಒತ್ತಿದೆ. ರಾತ್ರಿ ರೂಮಿನಲ್ಲಿ ಬಿಲ್ಲು ಹಿಡಿದು ಲೆಕ್ಕ ಹಾಕಿದರೆ ಆ ದಿನದ ದರಕ್ಕಿಂತ ಎಷ್ಟೋ ಜಾಸ್ತಿ ಕತ್ತರಿಸಿದ್ದರು. ರೂಪಾಯಿ ಒತ್ತಿದರೆ ದರ ಹಾಕುವವರು ಅಲ್ಲಿನವರು. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ, ಎಟಿಎಂನಲ್ಲೂ ಅಷ್ಟೇ. ಅಲ್ಲಿನ ಎಟಿಎಂಗಳು ನಮ್ಮ ಕಾರ್ಡ್‌ಗೆ ಪ್ರತಿ ಸಲ 200 ಬಹ್ತ್‌ಗೂ ಜಾಸ್ತಿ ಶುಲ್ಕ ಹಿಡಿಯುತ್ತವೆ, ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯದೆ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ.

ಪ್ರಶ್ನೆ: ಅಪ್ಪ ಅಮ್ಮನಿಗೆ 70 ದಾಟಿದೆ. ಅವರನ್ನು ಪ್ಯಾಕೇಜ್ ಟೂರ್‌ನಲ್ಲಿ ಕಳಿಸಿದರೆ ಹಣ ದಂಡವೇ? – ಬಾಗಲಕೋಟೆ

ಉತ್ತರ: ಖಂಡಿತ ಅಲ್ಲ. ಆ ವಯಸ್ಸಿನಲ್ಲಿ ಜೊತೆಗೊಬ್ಬರು ಇರುವುದಕ್ಕೆ, ಹೊತ್ತಿಗೆ ಸರಿಯಾಗಿ ನಮ್ಮ ಊಟ ಸಿಗುವುದಕ್ಕೆ ಕೊಡುವ ಹಣ ದಂಡ ಅಲ್ಲ. ವೀಸಾ, ಟಿಪ್ಸ್, ಪ್ರವಾಸ ವಿಮೆ, ಪ್ರವೇಶ ಟಿಕೆಟ್ ಇವುಗಳಲ್ಲಿ ಯಾವುದು ಸೇರಿಲ್ಲ ಎಂದು ಬರೆಸಿಕೊಳ್ಳಿ. ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಹಣ ಕಟ್ಟಿದವರ ಪ್ಯಾನ್‌ಗೆ ಅದು ಜಮಾ ಆಗುತ್ತದೆ, ರಿಟರ್ನ್ ಸಲ್ಲಿಸಿದಾಗ ತೆರಿಗೆಯಲ್ಲಿ ಕಳೆಯಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಅಪ್ಪ ರಿಟರ್ನ್ ಸಲ್ಲಿಸುವುದಿಲ್ಲ, ನೀವು ಸಲ್ಲಿಸುತ್ತೀರಿ ಅಂದರೆ ನಿಮ್ಮ ಖಾತೆಯಿಂದಲೇ ಕಟ್ಟಿ ನಿಮ್ಮ ಪ್ಯಾನ್ ಕೊಡಬಹುದೇ ಎಂದು ಮುಂಗಡ ಕೊಡುವ ಮೊದಲೇ ಟೂರ್‌ನವರನ್ನು ಕೇಳಿ.