ವಿಮಾನದ ಸಿಬ್ಬಂದಿ ನೇರವಾಗಿ ಮುಷ್ಕರ ಹೂಡದೆ ಒಟ್ಟಿಗೆ ಸಿಕ್ ಲೀವ್ ಹಾಕುವುದು ಯಾಕೆ?

ಮುಖ್ಯ ಕಾರಣ ಕಾನೂನು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆ ಆಗಿತ್ತು. ಅಂಥ ಸೇವೆಯಲ್ಲಿ ಮುಷ್ಕರಕ್ಕೆ ಮೊದಲು ನೋಟಿಸ್ ಕೊಡಬೇಕು, ಕೊಟ್ಟ ಮೇಲೂ 14 ದಿನ ಕಾಯಬೇಕು, ಅಷ್ಟರಲ್ಲಿ ಸಂಧಾನ ಶುರುವಾದರೆ ಅದು ಮುಗಿಯುವವರೆಗೆ ಮುಷ್ಕರ ಹೂಡುವ ಹಾಗೇ ಇಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಆ 14 ದಿನ ಹಾಗೇ ಉಳಿದಿದೆ. ಸಿಕ್ ಲೀವ್‌ಗೆ ನೋಟಿಸ್ ಬೇಡ ಅಲ್ವಾ?

ಇನ್ನೊಂದು ವಿಷಯ, 50 ಸೀಟಿಗೆ ಒಬ್ಬರಂತೆ ಕ್ಯಾಬಿನ್ ಸಿಬ್ಬಂದಿ ಇರಲೇಬೇಕು. ನಾಲ್ವರು ಬೇಕಾದ ಕಡೆ ಮೂವರೇ ಬಂದರೆ ತುಂಬಿದ ವಿಮಾನ ಹಾರುವುದಿಲ್ಲ.

2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಆದದ್ದು ಇದೇ. ಇನ್ನೊಂದು ಕಂಪನಿಯ ಜೊತೆ ವಿಲೀನ ನಡೆಯುತ್ತಿತ್ತು, ಹಿರಿಯರಿಗೂ ಕೆಳಗಿನ ಹುದ್ದೆ ಕೊಡುತ್ತಿದ್ದಾರೆ ಎಂಬುದು ಯೂನಿಯನ್ನಿನ ದೂರು. 7ರ ರಾತ್ರಿಯಿಂದ 200ಕ್ಕೂ ಹೆಚ್ಚು ಜನ ಹುಷಾರಿಲ್ಲ ಎಂದರು. ಕಂಪನಿ ಸುಮಾರು 25 ಮಂದಿಯನ್ನು ವಜಾ ಮಾಡಿತು. 9ಕ್ಕೆ ದೆಹಲಿಯಲ್ಲಿ ಮುಖ್ಯ ಲೇಬರ್ ಕಮಿಷನರ್ ಮುಂದೆ ಮಾತುಕತೆಯಾಗಿ, ವಜಾ ವಾಪಸ್, ಸಿಬ್ಬಂದಿಯೂ ವಾಪಸ್.

ಕಣ್ಣೂರಿನ ಗಲ್ಫ್ ವಿಮಾನಗಳೂ ರದ್ದಾಗಿದ್ದವು. ನಮ್ಮ ಕಾಸರಗೋಡಿನವರಿಗೆ ಇದು ಸಣ್ಣ ಮಾತಲ್ಲ. ಉಪ್ಪಳ, ಕುಂಬಳೆ ಕಡೆಯಿಂದ ಹಗ್ಗ ಬಿಗಿದು ಹೆಸರು ಬರೆದ ರಟ್ಟಿನ ಪೆಟ್ಟಿಗೆ ಹಿಡಿದು ಹೊರಟವನಿಗೆ ವೀಸಾ ಮುಗಿಯಲು ಎರಡೇ ದಿನ ಇರಬಹುದು. ಆದರೂ ನನ್ನ ಸಿಟ್ಟು ರಜೆ ಹಾಕಿದ ಆ ಸಿಬ್ಬಂದಿ ಹುಡುಗಿಯರ ಮೇಲಲ್ಲ. ಎರಡು ದಿನದಲ್ಲಿ ಮುಗಿದ ಮಾತುಕತೆಯನ್ನು ಆಡಳಿತದವರು ಮೊದಲೇ ಕೂತು ಮುಗಿಸಬಹುದಿತ್ತು.