ಮೊಬೈಲ್ ಕಾರ್ ಡೀಟೇಲಿಂಗ್‌ಗೆ (ಗ್ರಾಹಕರಿದ್ದಲ್ಲಿಗೇ ಹೋಗಿ ಕಾರು ತೊಳೆದು ಪಾಲಿಷ್ ಮಾಡುವ ಕೆಲಸ) ಎಷ್ಟು ವಾಟ್‌ನ ಜನರೇಟರ್ ತಗೊಳ್ಳಬೇಕು?

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ನಂಬಬೇಡಿ, ಅದು ಹೆಚ್ಚಾಗಿ ಕೆಲವೇ ಕ್ಷಣದ ಗರಿಷ್ಠ. ಲೆಕ್ಕಕ್ಕೆ ಬರುವುದು ರನ್ನಿಂಗ್ ವಾಟ್, ಅಂದರೆ ಜನರೇಟರ್ ನಿರಂತರವಾಗಿ ಕೊಡಬಲ್ಲಷ್ಟು.

ಪ್ರೆಷರ್ ವಾಷರ್ 1600, ವ್ಯಾಕ್ಯೂಮ್ 1200, ಪಾಲಿಷರ್ 900 ವಾಟ್ ಅಂದುಕೊಳ್ಳಿ. ಒಬ್ಬರೇ ಕೆಲಸ ಮಾಡುವುದಾದರೆ ಮೂರೂ ಒಟ್ಟಿಗೆ ಓಡುವುದಿಲ್ಲ. 2200 ರನ್ನಿಂಗ್ ವಾಟ್ ಸಾಕು. ವಾಷರ್, ವ್ಯಾಕ್ಯೂಮ್ ಜೊತೆಯಾಗಿ ಓಡಬೇಕಿದ್ದರೆ 3500.

ಎಡವಟ್ಟಾಗುವುದು ವಾಷರ್‌ನಲ್ಲೇ. ಕಾರ್ಬನ್ ಬ್ರಷ್ ಮೋಟಾರ್ ಆದರೆ ಮೇಲಿನ ಲೆಕ್ಕ ನಡೆಯುತ್ತದೆ. ಇಂಡಕ್ಷನ್ ಮೋಟಾರ್ ಶುರುವಾಗುವಾಗ ಮೂರು ಪಟ್ಟಿಗೂ ಹೆಚ್ಚು ಕರೆಂಟ್ ಎಳೆಯುತ್ತದೆ, ಸಣ್ಣ ಜನರೇಟರ್ ಅಲ್ಲೇ ಟ್ರಿಪ್. ಆಟೋ ಸ್ಟಾಪ್ (ಟ್ರಿಗರ್ ಬಿಟ್ಟಾಗ ಮೋಟಾರ್ ತಾನೇ ನಿಲ್ಲುವುದು) ಇದ್ದರೆ ಪ್ರತಿ ಸಲ ಟ್ರಿಗರ್ ಒತ್ತಿದಾಗಲೂ ಅದೇ ಹೊಡೆತ. ಹಾಗಾಗಿ ಮೊದಲು ವಾಷರ್ ಯಾವುದೆಂದು ನಿರ್ಧರಿಸಿ, ಆಮೇಲೆ ಜನರೇಟರ್. ವಾಷರ್ ಬಳಸುವಾಗ ಜನರೇಟರ್‌ನ ಇಕೋ ಮೋಡ್ (ಲೋಡ್ ಕಡಿಮೆಯಿದ್ದಾಗ ಎಂಜಿನ್ ನಿಧಾನ ಮಾಡುವ ವ್ಯವಸ್ಥೆ) ಆಫ್ ಇರಲಿ. ಇಲ್ಲವಾದರೆ ನಿಧಾನಕ್ಕೆ ತಿರುಗುತ್ತಿರುವ ಎಂಜಿನ್ ಮೇಲೆ ಒಮ್ಮೆಲೇ ಲೋಡ್ ಬಿದ್ದು ಆಫ್ ಆಗಬಹುದು.

ಇನ್ವರ್ಟರ್ ಮಾದರಿಯ ಜನರೇಟರ್‌ಗೆ ದುಡ್ಡು ಜಾಸ್ತಿ, ಆದರೂ ಅದೇ ಒಳ್ಳೆಯದು. ಸದ್ದು ಕಡಿಮೆ, ಪಾಲಿಷರ್‌ನ ಸ್ಪೀಡ್ ಕಂಟ್ರೋಲ್‌ಗೂ ಸ್ಥಿರ ವೋಲ್ಟೇಜ್ ಸಿಗುತ್ತದೆ.

20 ಮೀಟರ್ ಎಕ್ಸ್‌ಟೆನ್ಷನ್‌ಗೆ 2.5 ಚದರ ಮಿ.ಮೀ. ವೈರ್ ಹಾಕಿ. ವ್ಯಾನ್ ಒಳಗೆ, ಬಾಗಿಲು ತೆರೆದಿದ್ದರೂ ಸರಿ, ಜನರೇಟರ್ ಓಡಿಸಲೇಬೇಡಿ: ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.