ಪಾಠಕ್ಕೆ ಕತ್ತರಿ ಹಾಕಿದರೆ ಸಂಶೋಧನೆ ಉಳಿಯುತ್ತದೆಯೇ?

ದೇಹದ ಚಲನೆಯನ್ನು ಅಧ್ಯಯನ ಮಾಡುವ ಕಿನಿಸಿಯಾಲಜಿ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ, ಪಾಠ, ಸಂಶೋಧನೆ, ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮೂರೂ ಒಟ್ಟಿಗೆ ಆಗುತ್ತಿಲ್ಲ, ಪಾಠ ಕಡಿಮೆ ಮಾಡಲೇ ಎಂದು ಕೇಳಿದ್ದೀರಿ. ನಾನು ಮಾಡಿದ್ದೆ. ಎರಡನೇ ವರ್ಷದ ಇಎಂಜಿ ಲ್ಯಾಬ್ ತರಗತಿಯನ್ನು, ಅಂದರೆ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವುದನ್ನು ಕಲಿಸುವ ತರಗತಿಯನ್ನು, ಬೇರೆಯವರಿಗೆ ವಹಿಸಿದೆ. ಅದು ಸ್ಲೈಡ್ ತೋರಿಸುವ ತರಗತಿಯಾಯಿತು. ಅಲ್ಲಿಂದಲೇ ಬಂದ ವಿದ್ಯಾರ್ಥಿನಿ ಮುಂದೆ ನನ್ನ ಬಳಿ ಸಂಶೋಧನೆಗೆ ಸೇರಿದಳು. ಅವಳು ಕಲೆಹಾಕಿದ 24 ಜನರ ದತ್ತಾಂಶವನ್ನು ಕೈಬಿಡಬೇಕಾಯಿತು.

ಅವಳು ನೋಡಹೊರಟದ್ದು ಇಷ್ಟೇ: ಹಿಮ್ಮಡಿಯಡಿ ಹಲಗೆ ಇಟ್ಟು ಸ್ಕ್ವಾಟ್ ಮಾಡಿದರೆ ತೊಡೆಯ ಹೊರಬದಿಯ ವ್ಯಾಸ್ಟಸ್ ಲ್ಯಾಟರಾಲಿಸ್ ಸ್ನಾಯು ಹೆಚ್ಚು ದುಡಿಯುತ್ತದೆಯೇ? ದಣಿವು ಅಡ್ಡಬರದಿರಲೆಂದು ಎರಡು ಬಗೆಯ ಸ್ಕ್ವಾಟ್‌ಗಳನ್ನು ಒಂದು ವಾರದ ಅಂತರದಲ್ಲಿ ಮಾಡಿಸಿದಳು. ಎರಡೂ ದಿನ, ಪೂರ್ತಿ ಬಲ ಹಾಕಿದಾಗಿನ ಸ್ನಾಯುವಿನ ಗರಿಷ್ಠ ಸಂಕೋಚನವನ್ನು, ಅಂದರೆ ಎಂವಿಸಿಯನ್ನು, ದಾಖಲಿಸಿರಲಿಲ್ಲ. ಗೊತ್ತಿರುತ್ತದೆ ಎಂದುಕೊಂಡು ನಾನೂ ಹೇಳಿರಲಿಲ್ಲ.

ಚರ್ಮದ ಮೇಲಿಂದ ಸಿಗುವ ಮೈಕ್ರೋವೋಲ್ಟ್ ಲೆಕ್ಕ ಸ್ನಾಯುವಿನದು ಮಾತ್ರವಲ್ಲ. ಚರ್ಮದಡಿಯ ಕೊಬ್ಬು, ಬೆವರು, ಎಲೆಕ್ಟ್ರೋಡ್ ಕೂತ ಜಾಗ, ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ವಾರದ ನಂತರ ಹೊಸದನ್ನು ಅಂಟಿಸುವಾಗ ಒಂದು ಸೆಂಟಿಮೀಟರ್ ಸರಿದರೂ ಸಂಖ್ಯೆ ಬದಲಾಗುತ್ತದೆ. 180 ಇದ್ದದ್ದು 240 ಆದರೆ ಹೆಚ್ಚು ದುಡಿದದ್ದು ಸ್ನಾಯುವೋ, ಬದಲಾದದ್ದು ಜಾಗವೋ? ಸರಾಸರಿಯಲ್ಲಿ ಸರಿಹೋಗುತ್ತದೆ ಎನ್ನುವಂತೆಯೂ ಇರಲಿಲ್ಲ, ನಾವು ಹುಡುಕುತ್ತಿದ್ದ ವ್ಯತ್ಯಾಸ ಆ ಏರುಪೇರಿಗಿಂತ ಚಿಕ್ಕದು. ಅದೇ ದಿನ, ಅದೇ ಎಲೆಕ್ಟ್ರೋಡ್‌ನಲ್ಲಿ ತೆಗೆದ ಎಂವಿಸಿ ಇದ್ದಿದ್ದರೆ ಸ್ಕ್ವಾಟ್‌ನ ಸಂಖ್ಯೆಯನ್ನು ಅದರಿಂದ ಭಾಗಿಸಬಹುದಿತ್ತು. ಜಾಗದ ಪ್ರಭಾವ ಎರಡರಲ್ಲೂ ಇರುವುದರಿಂದ ಬಹುಪಾಲು ಕಳೆದುಹೋಗುತ್ತಿತ್ತು. ಎಲೆಕ್ಟ್ರೋಡ್ ಕಿತ್ತ ಮೇಲೆ ಆ ಅಳತೆಯನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಅವಳ ಪದವಿ ಒಂದು ವರ್ಷ ತಡವಾಯಿತು. ತಪ್ಪು ಅವಳದಲ್ಲ, ನನ್ನದು.

ಹಾಗಾಗಿ ಪಾಠ ಬೇರೆ, ಸಂಶೋಧನೆ ಬೇರೆ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಕಡಿಮೆ ಮಾಡಲೇಬೇಕಿದ್ದರೆ ಯೋಜನೆಗಳ ಸಂಖ್ಯೆ ಕಡಿಮೆ ಮಾಡಿ, ಲ್ಯಾಬ್ ತರಗತಿಯನ್ನು ಮುಟ್ಟಬೇಡಿ. ಅಲ್ಲಿ ವಿದ್ಯಾರ್ಥಿಗಳು ಒಬ್ಬರ ತೊಡೆಗೆ ಒಬ್ಬರು ಎಲೆಕ್ಟ್ರೋಡ್ ಹಾಕಲಿ. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಸೊಂಟದ ಮುಂದಿನ ಮೂಳೆಯ ತುದಿಯಿಂದ ಮಂಡಿಚಿಪ್ಪಿನ ಹೊರ ಅಂಚಿಗೆ ಗೆರೆ ಎಳೆದು, ಮೂರರಲ್ಲಿ ಎರಡು ಭಾಗ ಕೆಳಗಿಳಿದು, 20 ಮಿಲಿಮೀಟರ್ ಅಂತರದಲ್ಲಿ ಅಂಟಿಸಬೇಕು. ಪೆನ್ನಿನ ಗುರುತು ವಾರದೊಳಗೆ ಅಳಿಸಿಹೋಗುತ್ತದೆ, ಅದಕ್ಕೇ ಮೂಳೆಯಿಂದ ದೂರ ಎಷ್ಟೆಂದು ಟೇಪಿನಲ್ಲಿ ಅಳೆದು ಬರೆದಿಡಬೇಕು, ಫೋಟೋ ತೆಗೆಯಬೇಕು. ಸ್ಕ್ವಾಟ್‌ಗೆ ಮೊದಲು, ಕಾಲು ದಣಿಯುವ ಮುನ್ನ, ಎಂವಿಸಿ: ಐದು ಸೆಕೆಂಡಿನಂತೆ ಮೂರು ಸಲ, ನಡುವೆ ಎರಡೆರಡು ನಿಮಿಷ ವಿಶ್ರಾಂತಿ.

ಮಾರ್ಗದರ್ಶನಕ್ಕೆ ವಾರಕ್ಕೆ ಅರ್ಧ ಗಂಟೆ ಸಾಕು. ಆದರೆ ವಿದ್ಯಾರ್ಥಿ ತರುವ ಗ್ರಾಫ್ ಬೇಡ, ಕಚ್ಚಾ ಸಿಗ್ನಲ್ ತೆರೆಸಿ ಪಕ್ಕದಲ್ಲಿ ಕೂತು ನೋಡಿ. ಮೊದಲ ಇಬ್ಬರ ದತ್ತಾಂಶ ಸಿಕ್ಕ ಕೂಡಲೇ ಸಂಗ್ರಹ ನಿಲ್ಲಿಸಿ, ಕೊನೆಯ ಗ್ರಾಫ್‌ವರೆಗೂ ಲೆಕ್ಕ ಮಾಡಿಸಿ. ಎಂವಿಸಿ ಇಲ್ಲದಿದ್ದರೆ ಭಾಗಾಕಾರದ ಹಂತದಲ್ಲೇ ಗೊತ್ತಾಗುತ್ತದೆ, ಇನ್ನೂ 22 ಜನ ಬಾಕಿ ಇರುವಾಗಲೇ.

ಆ ತರಗತಿಯನ್ನು ಈಗ ಮತ್ತೆ ನಾನೇ ತೆಗೆದುಕೊಳ್ಳುತ್ತೇನೆ. ಮೊದಲ ದಿನ ಎಲೆಕ್ಟ್ರೋಡನ್ನು ಎರಡು ಸೆಂಟಿಮೀಟರ್ ಸರಿಸಿ, ಅದೇ ಕಾಲನ್ನು ಅಷ್ಟೇ ಬಲದಿಂದ ಇನ್ನೊಮ್ಮೆ ಒತ್ತಿಸಿ, ಎರಡು ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಬರೆಸುತ್ತೇನೆ.